ಡಾಲ್ಫಿನ್ ಕಾರಿನ ಗೃಹಶುಶ್ರೂಷೆ

ಕಾರೆಂದರೆ ಉಕ್ಕಿನ ತಗಡು, ತಗಡು ದಪ್ಪವಿದ್ದಷ್ಟೂ ಭದ್ರ ಎಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದ್ದ ಕಾಲದಲ್ಲಿ, ನಾಡಿನ ರಸ್ತೆಗಳೆಲ್ಲ ಬಹುಮಟ್ಟಿಗೆ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಸ್ವತ್ತಾಗಿದ್ದಾಗ, ಬೆಂಗಳೂರಿನ ಸಿಪಾನಿ ಸಂಸ್ಥೆಯವರು ಫೈಬರ್ ಮೈಯುಳ್ಳ ಒಂದು ಪುಟ್ಟ ಕಾರನ್ನು ತಯಾರಿಸಿ, ಡಾಲ್ಫಿನ್ ಎಂದು ಹೆಸರಿಟ್ಟು, 1982ರಲ್ಲಿ ಮಾರಾಟಕ್ಕೆ ತಂದರು. ಅದಕ್ಕೆ ಮೊದಲು ಬಾದಲ್ ಎಂಬ ಮೂರು ಗಾಲಿಯ ವಾಹನವನ್ನು ಮಾಡಿ ಅನುಭವ ಪಡೆದಿದ್ದವರು ಅವರು. ಡಾಲ್ಫಿನ್ನಿನ ಮೂಲ, ಇಂಗ್ಲೆಂಡಿನ ಟ್ಯಾಮ್‌ವರ್ತ್ ಪಟ್ಟಣದ ರಿಲಯಂಟ್ ಕಂಪನಿ 1975ರಲ್ಲಿ ಹೊರತಂದಿದ್ದ ಕಿಟನ್ ಎಂಬ ಕಾರು. 1983ರ ಅಂತ್ಯದಲ್ಲಿ ಮಾರುತಿ 800 ಬಂದಮೇಲೆ ಡಾಲ್ಫಿನ್ನಿನ ವ್ಯಾಪಾರ ಕುಗ್ಗಿತು. ಕನ್ನಡನಾಡಿನಲ್ಲಿಯೇ ಹುಟ್ಟಿದ ಈ ಕಾರು ಇಂದು ಕಣ್ಣಿಗೆ ಬೀಳುವುದು ಅತಿ ವಿರಳ. ಉಳಿದಿರುವ ಕೆಲವನ್ನಾದರೂ ಕಾಪಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಮಂದಿಯ ಓಡಾಟಕ್ಕೆಂದು ನಿರ್ಮಿತವಾದ ಈ ಎರಡು ಬಾಗಿಲಿನ ಕಾರು ಕ್ರೀಡಾವಾಹನಗಳ ಪಂಕ್ತಿಗೆ ಹೇಗೆ ಸಲ್ಲುವುದೆಂದು ಕೇಳುವವರಿಗೆ ಅದರ ಅಂಗರಚನೆಯೇ ಉತ್ತರ. ಮೂಲ ಕಿಟನ್ನಿನ ತೂಕ ಸುಮಾರು 500 ಕಿಲೋಗ್ರಾಂ, 848 ಸಿ.ಸಿ.ಯ, ನಾಲ್ಕು ಸಿಲಿಂಡರಿನ ಎಂಜಿನ್ ಪೂರ್ತಿ ಅಲ್ಯೂಮಿನಿಯಂ; ಅದರ ಬಲ ಸುಮಾರು 40 ಅಶ್ವಶಕ್ತಿ; ಚಾಲನೆ ಹಿಂದಿನ ಗಾಲಿಗಳಿಗೆ. ಹಗುರ ಮೈ, ಹಗುರ ಎಂಜಿನ್, ಹಿಂಗಾಲಿ ಚಾಲನೆ ಈ ಮೂರೂ ಒಂದೇ ಕಡೆ ದೊರೆತುದರಿಂದ ಅಂದಿನ ನಮ್ಮ ರೇಸು ರ‍್ಯಾಲಿಗಳ ಉತ್ಸಾಹಿಗಳು ಡಾಲ್ಫಿನ್ನನ್ನು ಅಕ್ಕರೆಯಿಂದ ಆರಿಸಿಕೊಂಡರು. ಇಂಗ್ಲೆಂಡಿನಲ್ಲಿಯೂ 750 ಮೋಟಾರ್ ಕ್ಲಬ್ಬಿನ ಸ್ಪರ್ಧಾಳುಗಳು ಇದೇ ರಿಲಯಂಟ್ ಎಂಜಿನ್ನನ್ನು ತಾವೇ ಕಟ್ಟಿಕೊಂಡ ಕಾರುಗಳಲ್ಲಿ ಕೂರಿಸಿ ಓಡಿಸಿದರು. 1948ರಲ್ಲಿ ಒಂದು ಹಳೆಯ ಆಸ್ಟಿನ್ ಸೆವೆನ್ನನ್ನು ಸಣ್ಣ ಗ್ಯಾರೇಜಿನಲ್ಲಿ ಬಿಚ್ಚಿ, ತನ್ನ ಮೊದಲ ಕಾರನ್ನು ಕಟ್ಟಿದ ಕಾಲಿನ್ ಚಾಪ್‌ಮನ್ನನೇ ಮುಂದೆ ಲೋಟಸ್ ಸಂಸ್ಥೆಯನ್ನು ಸ್ಥಾಪಿಸಿ, ಉಕ್ಕಿನ ಬೆನ್ನೆಲುಬಿನ ಮೇಲೆ ಫೈಬರ್ ಮೈ ಹೊದಿಸಿದ ಎಲಾನ್ ಎಂಬ ಸ್ಪೋರ್ಟ್ಸ್ ಕಾರನ್ನು 1962ರಲ್ಲಿ ಲೋಕಕ್ಕೆ ಕೊಟ್ಟನು. ರಿಲಯಂಟಿನವರ ಮೊದಲ ಎಂಜಿನ್ನುಗಳಿಗೂ ಅದೇ ಆಸ್ಟಿನ್ ಸೆವೆನ್ ಮಾತೃಕೆಯಾಗಿತ್ತು. ಹಗುರ ಕಾರಿನ ವಿದ್ಯೆ ಆರಂಭದಿಂದಲೂ ಮನೆಯ ಹಿತ್ತಲಿನ ವಿದ್ಯೆಯೇ ಆಗಿದೆ.

ಅರಸೀಕೆರೆಯಂಥ ಬಯಲುಸೀಮೆಯ ಊರಿನಲ್ಲಿ, ತೆಂಗಿನ ತೋಟದ ಅಂಚಿನ ಒಂದು ಶೆಡ್ಡಿನಲ್ಲಿ ಡಾಲ್ಫಿನ್ನಿನ ಜೀರ್ಣೋದ್ಧಾರವನ್ನು ಕೈಗೊಳ್ಳುವವನಿಗೆ ಋತುವೇ ಅರ್ಧ ಸಹಾಯಕ. ಫೈಬರ್ ಕೆಲಸಕ್ಕೆ ತೇವವೆಂದರೆ ಆಗದು. ಬೇಲೂರಿನ ಅರೆಮಲೆನಾಡಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಗಾಜುನಾರಿನ ಮ್ಯಾಟು ಗಾಳಿಯ ಪಸೆಯನ್ನು ಹೀರಿ ರೆಸಿನ್ನಿನೊಡನೆ ಸರಿಯಾಗಿ ಬೆಸೆಯದೆ ಹೋಗುವುದರಿಂದ, ಸಂಕ್ರಾಂತಿ ಕಳೆದು ಯುಗಾದಿಯೊಳಗಾಗಿ ಮೈಯ ಕೆಲಸವನ್ನು ಮುಗಿಸಿಕೊಳ್ಳುವುದು ವಿವೇಕ.

ಮೈಯ ದೋಷಗಳಲ್ಲಿ ಮುಖ್ಯವಾದುದು ಬಿರುಕು. ಬಾಗಿಲಿನ ಹಿಂಜುಗಳ ಸುತ್ತ, ಬೋಲ್ಟು ಕೂರುವೆಡೆಗಳಲ್ಲಿ, ಎಂದೋ ತಗುಲಿದ ಪೆಟ್ಟಿನ ಸ್ಥಳದಲ್ಲಿ ಬಣ್ಣದ ಕೆಳಗಿನಿಂದ ಜೇಡರಬಲೆಯಂತೆ ಸಣ್ಣ ಗೆರೆಗಳು ಹರಡಿರುತ್ತವೆ. ಅವುಗಳ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಕಾರಿನ ಮೊದಲ ಕುಲುಕಾಟಕ್ಕೇ ಗೆರೆಗಳು ಪುನಃ ಮೂಡುತ್ತವೆ. ಆದ್ದರಿಂದ ಬಿರುಕಿನ ಇಕ್ಕೆಲಗಳನ್ನೂ ಅಗಲವಾಗಿ, ಅಂಚಿನ ಕಡೆಗೆ ತೆಳುವಾಗುವಂತೆ ಉಜ್ಜಿ, ಹಳೆಯ ನಾರು ಕಾಣುವವರೆಗೆ ಬಿಡಿಸಿ, ಸಾಧ್ಯವಿದ್ದಲ್ಲೆಲ್ಲ ಒಳಮೈಯ ಕಡೆಯಿಂದ ಮ್ಯಾಟಿನ ಚೂರುಗಳನ್ನು ಚಿಕ್ಕದರ ಮೇಲೆ ದೊಡ್ಡದಾಗಿ ಒಂದೊಂದು ಪದರವಾಗಿ ಇಟ್ಟು, ಬ್ರಷ್ಷಿನ ತುದಿಯಿಂದ ಕುಟ್ಟುತ್ತ ರೆಸಿನ್ ಕುಡಿಸಬೇಕು. ಒಣ ಮ್ಯಾಟು ಬೆಳ್ಳಗಿರುತ್ತದೆ. ರೆಸಿನ್ ಪೂರ್ತಿ ಇಳಿದೊಡನೆಯೇ ಆ ಬಿಳುಪು ಮಾಯವಾಗಿ ಗಾಜಿನಂತೆ ಪಾರದರ್ಶಕವಾಗುತ್ತದೆ. ಎಲ್ಲಿಯಾದರೂ ಬಿಳಿಯ ಚುಕ್ಕೆ ಉಳಿದಿತ್ತೆಂದರೆ ಅಲ್ಲಿ ಗಾಳಿ ಸೇರಿಕೊಂಡಿದೆಯೆಂದೇ ತಿಳಿದು, ಗಟ್ಟಿಯಾಗುವುದಕ್ಕೆ ಮೊದಲೇ ಒತ್ತಿ ಹೊರಡಿಸಬೇಕು. ಹಾರ್ಡ್‌ನರ್ ಪ್ರಮಾಣ ರೆಸಿನ್ನಿನ ನೂರಕ್ಕೆ ಒಂದೆರಡು ಭಾಗ. ಬೇಸಗೆಯ ಮಧ್ಯಾಹ್ನದಲ್ಲಿ ಒಂದೇ ಸಾಕು. ಒಮ್ಮೆಗೇ ಡಬ್ಬಿ ತುಂಬ ಕಲಸಿದರೆ ರಾಸಾಯನಿಕ ಕ್ರಿಯೆಯ ಶಾಖದಿಂದ ಅದು ಹೊಗೆಯಾಡುವಷ್ಟು ಕಾದು ವ್ಯರ್ಥವಾಗುತ್ತದೆ. ಕೋಬಾಲ್ಟ್ ಎಂದು ಅಂಗಡಿಯಲ್ಲಿ ಕೊಡುವ ನೇರಳೆ ಬಣ್ಣದ ದ್ರವವನ್ನು ಹಾರ್ಡ್‌ನರಿನೊಡನೆ ನೇರವಾಗಿ ಎಂದೂ ಬೆರೆಸಕೂಡದು; ಸ್ಫೋಟವಾಗುವ ಅಪಾಯವುಂಟು. ಒಂದನ್ನು ರೆಸಿನ್ನಿಗೆ ಚೆನ್ನಾಗಿ ಕಲಸಿದ ಬಳಿಕವೇ ಮತ್ತೊಂದು. ಹಾರ್ಡ್‌ನರಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಹಾನಿ. ಉಜ್ಜುವಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಶತ್ರು. ಕನ್ನಡಕ, ಮುಖಗವಸು, ತುಂಬುತೋಳಿನ ಅಂಗಿ ಇಲ್ಲದೆ ಈ ಕೆಲಸಕ್ಕೆ ಕೈಹಚ್ಚುವವರನ್ನು ಹಿರಿಯರಾದವರು ತಡೆಯಬೇಕು.

ಮೈ ತುಕ್ಕು ಹಿಡಿಯದೆಂಬ ಸಮಾಧಾನದಲ್ಲಿ ಒಂದು ಮೋಸವಿದೆ. ಕೆಳಗಿನ ಛಾಸಿ ಉಕ್ಕಿನದೇ. ಮೈ ಹೊಳೆಯುತ್ತಿರುವಾಗಲೇ ಅದು ಒಳಗೊಳಗೇ ಸವೆದಿರಬಹುದು. ಬೋಲ್ಟುಗಳನ್ನು ಬಿಚ್ಚಿ, ನಾಲ್ಕಾರು ಮಂದಿ ಕೈಗೂಡಿಸಿ ಮೈಯನ್ನೇ ಎತ್ತಿ ಪಕ್ಕಕ್ಕಿಡುವುದು ಈ ಕಾರಿನಲ್ಲಿ ಶಕ್ಯವಾಗಿರುವುದು ದೊಡ್ಡ ಅನುಕೂಲ. ಮತ್ತೊಂದು ವಿಶೇಷವೆಂದರೆ, ಫೈಬರಿನಲ್ಲಿ ವಿದ್ಯುತ್ ಹರಿಯದ ಕಾರಣ ಪ್ರತಿಯೊಂದು ದೀಪಕ್ಕೂ ಛಾಸಿಯವರೆಗೆ ಪ್ರತ್ಯೇಕ ಅರ್ತ್ ವೈರು ಇರಲೇಬೇಕು. ಇಂಡಿಕೇಟರ್ ಹಾಕಿದಾಗ ಹಿಂದಿನ ಕೆಂಪು ದೀಪ ಮಂಕಾಗಿ ಮಿಡಿಯುತ್ತಿದ್ದರೆ ಬಲ್ಬನ್ನು ಬದಲಿಸುವ ಗೋಜಿಗೆ ಹೋಗದೆ ಮೊದಲು ಅರ್ತನ್ನು ನೋಡತಕ್ಕದ್ದು.

ಎಂಜಿನ್ನಿನ ವಿಷಯ ಇನ್ನೂ ಸೂಕ್ಷ್ಮ. ಅಲ್ಯೂಮಿನಿಯಂ ಬ್ಲಾಕಿನೊಳಗೆ ಸಿಲಿಂಡರ್ ಲೈನರುಗಳು ನೀರಿನಲ್ಲಿಯೇ ನಿಂತಿರುತ್ತವೆ. ಅರಸೀಕೆರೆಯ ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಒಳಹಾದಿಗಳಲ್ಲಿ ಸುಣ್ಣ ಕಟ್ಟಿ, ಎಂಜಿನ್ ಕಾದು, ಹೆಡ್ ಡೊಂಕಾಗಿ ಗ್ಯಾಸ್ಕೆಟ್ ಹೋಗುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರು, ಅದರೊಡನೆ ಅಲ್ಯೂಮಿನಿಯಂಗೆ ಒಪ್ಪುವ ಕೂಲೆಂಟ್ ಇವೆರಡೇ ಯೋಗ್ಯ. ಹೆಡ್ಡನ್ನು ಬಿಚ್ಚುವುದಾದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಬಿಚ್ಚಬೇಕು. ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ರೆಂಚಿನ ಅಳತೆಯಂತೆ ಬಿಗಿಯಬೇಕು. ಹೆಡ್ಡು ಬಿಚ್ಚಿರುವಾಗ ಲೈನರುಗಳನ್ನು ಹಿಡಿದು ನಿಲ್ಲಿಸದೆ ಎಂಜಿನ್ನನ್ನು ತಿರುಗಿಸಿದರೆ ಅವು ಮೇಲೆದ್ದು ಕೆಳಗಿನ ಸೀಲು ಕೆಡುತ್ತದೆ. ಲಾರಿಯ ನಟ್ಟಿಗೆ ಒಗ್ಗಿದ ಕೈ ಇಲ್ಲಿ ಒಂದೇ ಎಳೆತಕ್ಕೆ ಅಲ್ಯೂಮಿನಿಯಮ್ಮಿನ ತ್ರೆಡ್ಡನ್ನು ಕಿತ್ತುಬಿಡಬಲ್ಲುದು.

ಬಿಡಿಭಾಗಗಳ ಅಭಾವಕ್ಕೆ ಅಂಜಬೇಕಾಗಿಲ್ಲ. ಬುಷ್ಷು, ಪಿನ್ನುಗಳನ್ನು ಊರಿನ ಲೇತಿನವರು ಹಳೆಯದರ ಮಾದರಿ ನೋಡಿ ಕಡೆದುಕೊಡುತ್ತಾರೆ. ಎಂಜಿನ್ನಿನ ಭಾಗಗಳನ್ನು ಇಂಗ್ಲೆಂಡಿನಿಂದ ತರಿಸಬಹುದು. ಕಾಗದಪತ್ರಗಳ ವಿಷಯದಲ್ಲಿ, ನೋಂದಣಿಯಾಗಿ 50 ವರ್ಷ ಕಳೆದ ವಾಹನಗಳಿಗಷ್ಟೇ ವಿಂಟೇಜ್ ಎಂಬ ಮಾನ್ಯತೆ ಕೊಡುವ 2021ರ ಕೇಂದ್ರ ನಿಯಮ ಡಾಲ್ಫಿನ್ನಿಗೆ ಇನ್ನೂ ಅನ್ವಯಿಸದು; ಸಾಮಾನ್ಯ ಖಾಸಗಿ ಕಾರಿನಂತೆ 15 ವರ್ಷಗಳ ಬಳಿಕ ಐದೈದು ವರ್ಷಕ್ಕೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು.

ಬೇಲೂರಿನ ಚೆನ್ನಕೇಶವನ ಗರ್ಭಗುಡಿಯ ಮೇಲೆ ಹಿಂದೆ ಮರ ಗಾರೆಗಳ, ಚಿನ್ನದ ಮುಲಾಮಿನ ತಾಮ್ರದ ತಗಡು ಹೊದಿಸಿದ ಶಿಖರವೊಂದಿತ್ತು. ಮತ್ತೆ ಮತ್ತೆ ಜೀರ್ಣವಾದ ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ, ಕೆಳಗಿನ ಗುಡಿ ಉಳಿಯಲೆಂದು, ಇಳಿಸಿಬಿಟ್ಟರು. ಯಾವುದನ್ನು ಉಳಿಸಬೇಕು, ಯಾವುದನ್ನು ಇಳಿಸಬೇಕೆಂಬ ಈ ವಿವೇಚನೆ ಕಾರಿನ ಜೀರ್ಣೋದ್ಧಾರದಲ್ಲಿಯೂ ಬೇಕು. ಬಲ ಬರಲೆಂದು ಕೆಲವರು ಫೈಬರ್ ಮೈಯ ಒಳಗೆ ಕಬ್ಬಿಣದ ಪಟ್ಟಿಗಳನ್ನು ಕೂರಿಸಿ, ದಪ್ಪನೆಯ ಪುಟ್ಟಿ ಮೆತ್ತುತ್ತಾರೆ. ಆ ಭಾರದಿಂದ ಕಮಾನುಗಳು ಕುಸಿಯುತ್ತವೆ, ಬ್ರೇಕು ಬಳಲುತ್ತದೆ, ಕಬ್ಬಿಣ ಮುಗಿದಲ್ಲಿ ಹೊಸ ಬಿರುಕು ಏಳುತ್ತದೆ. ಹಗುರವಾಗಿ ಹುಟ್ಟಿದುದನ್ನು ಹಗುರವಾಗಿಯೇ ಉಳಿಸಬೇಕು.

ಕೆಲಸವೆಲ್ಲ ಮುಗಿದ ಕಾರನ್ನು ಪರೀಕ್ಷಿಸಲು ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳ ಮೇಲೆ ಹಳೇಬೀಡಿಗೆ, ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೆ ಹೋಗುವ ದಾರಿ ಪ್ರಶಸ್ತವಾದುದು. ಹಳೇಬೀಡಿನಲ್ಲಿ ನಿಲ್ಲಿಸಿ ಗಾಲಿಗಳ ಡ್ರಮ್ಮನ್ನು ಮುಟ್ಟಿ ನೋಡಬೇಕು. ಒಂದು ಮಾತ್ರ ಮಿಕ್ಕವುಗಳಿಗಿಂತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ. ಬೇಲೂರಿನಲ್ಲಿ ನೀರು, ಎಣ್ಣೆಗಳ ಸೋರಿಕೆಯನ್ನು ಕಂಡುಕೊಳ್ಳಬೇಕು. ಮನೆಗೆ ಹಿಂದಿರುಗಿ, ಕಾರನ್ನು ರಾತ್ರಿಯೆಲ್ಲ ಆರಲು ಬಿಟ್ಟು, ಮರುದಿನ ಬೆಳಿಗ್ಗೆ ಹೆಡ್ಡಿನ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ, ಆನಂತರ ಟ್ಯಾಪೆಟ್ಟುಗಳ ಸಂದನ್ನು ಹೊಸದಾಗಿ ಅಳೆದು ಸರಿಪಡಿಸಬೇಕು.