ಬಂಗಾರಪೇಟೆಯೂ ನಿಕ್ಷೇಪವಿಚಾರವೂ

ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯದ 5ನೆಯ ಸೂತ್ರವು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಶಬ್ದವೊಂದು ಯಾವ ಅರ್ಥದಲ್ಲಿ ಪ್ರಯುಕ್ತವಾಗಿದೆ ಎಂಬುದನ್ನು ನಿರ್ಣಯಿಸುವ ಕ್ರಮವಿದು. ಗುಣವನ್ನು ಅಪೇಕ್ಷಿಸದೆ ವ್ಯವಹಾರಕ್ಕಾಗಿ ಇಟ್ಟ ಸಂಜ್ಞೆಯೇ ನಾಮವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ.

ಕೋಲಾರ ಜಿಲ್ಲೆಯ ಬಂಗಾರಪೇಟೆಯು ಇದಕ್ಕೆ ಸೊಗಸಾದ ನಿದರ್ಶನ. ಮೈಸೂರಿನ ಕಮಿಷನರನಾಗಿದ್ದ ಬೌರಿಂಗನ ಹೆಸರಿನಿಂದ ಈ ಊರು ಮೊದಲು ಬೌರಿಂಗ್‌ಪೇಟೆ ಎನಿಸಿತ್ತು. ಚಿನ್ನ ತೆಗೆದದ್ದು ಊರಿನಲ್ಲಲ್ಲ, ಸಮೀಪದ ಕೋಲಾರ ಚಿನ್ನದ ಗಣಿಗಳಲ್ಲಿ. ಹೆಸರನ್ನು ಕೇಳಿ ಪೇಟೆಯಲ್ಲಿ ಬಂಗಾರವನ್ನು ಅರಸುವವನು ನಾಮವನ್ನೇ ಭಾವವೆಂದು ಭ್ರಮಿಸುತ್ತಾನೆ. ಆ ಗಣಿಗಳಾದರೋ 2001ರ ಫೆಬ್ರುವರಿ 28ರಂದು ಮುಚ್ಚಿದವು. ಇಂದಿಗೂ ಅವನ್ನು ಚಿನ್ನದ ಗಣಿಗಳೆನ್ನುವುದು ಸುಳ್ಳಲ್ಲ. ಗತಪರ್ಯಾಯವನ್ನು ಹಿಡಿದು ಆಡಿದ ಮಾತದು, ದ್ರವ್ಯನಿಕ್ಷೇಪ.

ಹಸ್ತಪ್ರತಿಶೋಧಕನಿಗೆ ಇದು ಬರಿಯ ತರ್ಕವಿನೋದವಲ್ಲ. ಓಲೆಗಟ್ಟಿನ ಮೇಲಿನ ಹೆಸರು ನಾಮಮಾತ್ರ. ಬಿಚ್ಚಿ ಓದದೆ ಸೂಚಿಯಲ್ಲಿ ಬರೆದುಕೊಂಡರೆ ಒಳಗಿನ ಬೇರೊಂದು ಗ್ರಂಥ ಕಣ್ಮರೆಯಾದೀತು. ಮೂಡಬಿದಿರೆಯ ಧವಲಾ ಪ್ರತಿಗಳು ಬಹುಕಾಲ ದರ್ಶನಕ್ಕಷ್ಟೇ ಒದಗಿ ಪ್ರತಿಮೆಯಂತೆ ಪೂಜೆಗೊಂಡವು. ಸ್ಥಾಪನೆಗೆ ಸಮೀಪವಾದ ಸ್ಥಿತಿಯೆನ್ನಬೇಕು. ಮೊದಲ ಸಂಪುಟ ಮುದ್ರಣಗೊಂಡದ್ದು 1939ರಲ್ಲಿ. ತೆರೆದು ನೋಡಿದರೆ, ಆ ಟೀಕೆಯ ಆರಂಭದಲ್ಲಿಯೇ ‘ಮಂಗಲ’ ಶಬ್ದದ ನಿಕ್ಷೇಪವಿಚಾರವಿದೆ.