ಜನಪ್ರಿಯ ಗೀತವೂ ವಿದ್ಯಾವಂತರ ಅಭಿರುಚಿಯೂ

ತರುಣರು ಯಾವ ಹಾಡನ್ನು ಮೆಚ್ಚಬೇಕೆಂಬುದನ್ನು ವಿದ್ಯಾವಂತರು ವಿಧಿಸಬಲ್ಲರೆ? ಈ ಪ್ರಶ್ನೆಯನ್ನು ವಿವೇಚಿಸಲು ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆಯ ಬಯಲಾಟವು ಉತ್ತಮ ನಿದರ್ಶನವಾಗಿದೆ.

ಯಶವಂತನಗರದ ಸುತ್ತಣ ಈ ಪ್ರದೇಶದಲ್ಲಿ ಬಯಲಾಟವು ಕೇವಲ ವೃತ್ತಿಕಲಾವಿದರ ಸೊತ್ತಲ್ಲ. ಸುಗ್ಗಿ ಮುಗಿದ ಬಳಿಕ ಒಕ್ಕಲುಮಕ್ಕಳೇ ಮಾಸ್ತರನೊಬ್ಬನನ್ನು ಗೊತ್ತುಮಾಡಿಕೊಂಡು, ಮಾತು, ಪದ, ಕುಣಿತಗಳನ್ನು ಕಲಿತು, ಇರುಳಿಡೀ ಆಡುವ ಆಟವಿದು. ಇದರ ಹಿಮ್ಮೇಳದಲ್ಲಿ ಮದ್ದಳೆ, ತಾಳಗಳೊಡನೆ ಹಾರ್ಮೋನಿಯಂ ಕೂಡ ಸೇರಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಬಂದ ಈ ವಾದ್ಯವು ಗಮಕಗಳನ್ನು ನುಡಿಸಲಾರದೆಂಬ ಆಕ್ಷೇಪಕ್ಕೆ ಗುರಿಯಾಯಿತು. ೧೯೪೦ರಲ್ಲಿ ಅಖಿಲ ಭಾರತ ರೇಡಿಯೋ ಇದನ್ನು ಬಹಿಷ್ಕರಿಸಿತು. ಆ ನಿಷೇಧವು ಸಡಿಲವಾಗಲು ಮೂವತ್ತು ವರ್ಷಗಳೇ ಹಿಡಿದವು. ಆದರೆ ಹಳ್ಳಿಯ ಆಟಕ್ಕಾಗಲಿ ಕಂಪೆನಿ ನಾಟಕಕ್ಕಾಗಲಿ ಆ ನಿಷೇಧವು ತಟ್ಟಲಿಲ್ಲ. ಅಂತೆಯೇ ೧೯೫೨ರಲ್ಲಿ ಬಾನುಲಿಯು ಚಲನಚಿತ್ರಗೀತಗಳನ್ನು ದೂರವಿರಿಸಿದಾಗ ಕೇಳುಗರು ರೇಡಿಯೋ ಸಿಲೋನಿನ ಕಡೆಗೆ ತಿರುಗಿದರು. ೧೯೫೭ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು.

ಇದು ನಮ್ಮ ದೇಶಕ್ಕೆ ಮಾತ್ರವೇ ವಿಶಿಷ್ಟವಾದ ಸಂಗತಿಯಲ್ಲ. ಇಂಡೋನೇಷ್ಯದಲ್ಲಿ ಸುಕಾರ್ನೋ ಸರಕಾರವು ಪಾಶ್ಚಾತ್ಯ ಧಾಟಿಯ ಹಾಡುಗಳನ್ನು ಹಾಡಿದ ಕೋಸ್ ಬೆರ್ಸೌದಾರಾ ಎಂಬ ಸೋದರರ ತಂಡವನ್ನು ೧೯೬೫ರಲ್ಲಿ ಸೆರೆಯಲ್ಲಿರಿಸಿತು. ಆದರೂ ಅಲ್ಲಿನ ತರುಣರ ಒಲವು ಬದಲಾಗಲಿಲ್ಲ. ೧೯೭೦ರ ದಶಕದಲ್ಲಿ ಮಲಯ ವಾದ್ಯಮೇಳ, ಗಿಟಾರು, ಹಿಂದಿ ಚಿತ್ರಗೀತಗಳ ಧಾಟಿ ಇವು ಕೂಡಿ 'ದಂಗ್ದುತ್' ಎಂಬ ಗೀತಪ್ರಕಾರವು ಬೆಳೆಯಿತು. ರೋಮಾ ಇರಾಮಾ ಅದರ ಪ್ರಸಿದ್ಧ ಗಾಯಕ. ತಬಲದಂಥ ವಾದ್ಯದ ನುಡಿತವನ್ನು ಅನುಕರಿಸುವ ಆ ಹೆಸರನ್ನು ಮೊದಲಲ್ಲಿ ನಗರದ ನಾಗರಿಕರು ಹಳ್ಳಿಗರ ಹಾಡೆಂದು ಹಳಿಯುವುದಕ್ಕೆ ಬಳಸಿದರು. ನಮ್ಮ ಬಾನುಲಿಯು ಒಲ್ಲೆನೆಂದ ಚಿತ್ರಗೀತವೇ ಕಡಲಾಚೆಯಲ್ಲಿ ಒಂದು ಹೊಸ ಸಂಗೀತಕ್ಕೆ ಗೊಬ್ಬರವಾಯಿತೆಂಬುದು ವಿಚಾರಾರ್ಹ.

ನಿಷೇಧದಿಂದ ಜನಪ್ರಿಯ ಕಲೆ ನಾಶವಾಗುವುದಿಲ್ಲವೆಂದು ಇದರಿಂದ ವ್ಯಕ್ತವಾಗುತ್ತದೆ. ಆದರೆ ಅನಾದರದಿಂದ ಅದು ನಾಶವಾಗಬಲ್ಲುದು. ಸಂಡೂರು ಸೀಮೆಯ ದರೋಜಿಯ ಈರಮ್ಮನವರು ಓದುಬರಹ ಬಲ್ಲವರಲ್ಲ; ಕುಮಾರರಾಮನ ಕಥೆಯೇ ಮೊದಲಾದ ಬುರ್ರಕಥೆಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಅವರು ೨೦೧೪ರಲ್ಲಿ ತೀರಿಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರ ಕಾವ್ಯಗಳನ್ನು ಸಂಗ್ರಹಿಸಿ ಮುದ್ರಿಸಿದ್ದರಿಂದ ಅವು ಉಳಿದುವು.

ಬಯಲಾಟದ ಪದಗಳಿಗೂ ಇಂಥ ಆಸರೆ ಬೇಕು. ಸಂಗ್ರಹಕಾರರು ಸಾಹಿತ್ಯವನ್ನಷ್ಟೇ ಬರೆದುಕೊಂಡರೆ ಸಾಲದು. ಯಾವ ಪದಕ್ಕೆ ಯಾವ ಧಾಟಿ, ಆ ಧಾಟಿಯು ನಾಟಕದಿಂದ ಬಂದುದೋ ಚಲನಚಿತ್ರದಿಂದ ಬಂದುದೋ ಎಂಬುದನ್ನೂ ಗುರುತಿಸಬೇಕು. ಎರವಲು ಧಾಟಿಯನ್ನು ಕಲಬೆರಕೆಯೆಂದು ಕೈಬಿಡುವ ಸಂಗ್ರಹಕಾರನು ತರುಣರ ಕೈಗೆಲಸವನ್ನೇ ಕೈಬಿಟ್ಟಂತೆ.