ಮಡ್ಡಿಯ ಹುಲ್ಲು ಹೇಳುವ ಹಿಮಯುಗದ ಕಥೆ

ನಮ್ಮ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಮಡ್ಡಿ ಇಲ್ಲದ ಊರು ವಿರಳ. ಮೇಲೆ ಗೇಣು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು. ಮಳೆಗಾಲದಲ್ಲಿ ಮೂರು ನಾಲ್ಕು ತಿಂಗಳು ಹಸಿರು. ಉಳಿದ ದಿನಗಳಲ್ಲಿ ಒಣಹುಲ್ಲು, ಅಲ್ಲಲ್ಲಿ ಜಾಲಿ, ಬಾರಿಕಂಟಿ. ಇದನ್ನು ನೋಡಿದವರೆಲ್ಲ, “ಹಿಂದೆ ಇಲ್ಲಿ ದಟ್ಟ ಅಡವಿ ಇತ್ತು; ಹಿರಿಯರು ಕಡಿದು ಹಾಳುಮಾಡಿದರು” ಎನ್ನುವುದುಂಟು. ಶಾಲೆಯಲ್ಲಿ ನಾವೂ ಮಕ್ಕಳಿಗೆ ಹಾಗೆಯೇ ಕಲಿಸುತ್ತ ಬಂದೆವು.

ಕಲಿಸಿದ್ದಷ್ಟೇ ಅಲ್ಲ. ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಕಟ್ಟಿಕೊಂಡು ಊರ ಗಾಯರಾಣದಲ್ಲಿ ಸಾಲಾಗಿ ತಗ್ಗು ತೋಡಿ ಗ್ಲಿರಿಸಿಡಿಯ ಸಸಿಗಳನ್ನು ನೆಟ್ಟೆವು. ಎರಡನೆಯ ಬೇಸಿಗೆಗೆ ಅರ್ಧಕ್ಕಿಂತ ಹೆಚ್ಚು ಒಣಗಿದವು. ಬದುಕಿದವುಗಳ ನೆರಳಿನಲ್ಲಿ ಹುಲ್ಲು ತೆಳ್ಳಗಾಯಿತು. ಕುರಿ ಕಾಯುವ ಮುದುಕನೊಬ್ಬ ನಮ್ಮನ್ನು ನಿಲ್ಲಿಸಿ, “ಮಾಸ್ತರ, ಕುರಿ ಬಾಯಾಗ ಮಣ್ಣ ಹಾಕಿದ್ರಲ್ರೀ” ಎಂದ. ಆ ಮಾತು ಮನಸ್ಸಿಗೆ ನಟ್ಟಿತು. ಈ ಮಡ್ಡಿ ನಿಜವಾಗಿಯೂ ಕೆಟ್ಟುಹೋದ ಅಡವಿಯೇ ಎಂದು ಅಂದಿನಿಂದ ವಿಚಾರಿಸತೊಡಗಿದೆವು. ತಿಳಿದದ್ದನ್ನು ಇಲ್ಲಿ ಹೇಳುತ್ತೇವೆ.

ಭೂಮಿಯ ಮೇಲೆ ಕಳೆದ ಸುಮಾರು 26 ಲಕ್ಷ ವರ್ಷಗಳಲ್ಲಿ ಚಳಿಯ ಕಾಲ ಮತ್ತು ಬೆಚ್ಚನೆಯ ಕಾಲ ಮೇಲಿಂದ ಮೇಲೆ ಬಂದು ಹೋಗಿವೆ. ಭೂಮಿಯು ಸೂರ್ಯನನ್ನು ಸುತ್ತುವ ದಾರಿಯಲ್ಲಿಯೂ ಅದರ ವಾಲುವಿಕೆಯಲ್ಲಿಯೂ ಆಗುವ ನಿಧಾನದ ಬದಲಾವಣೆಗಳೇ ಇವುಗಳಿಗೆ ಮುಖ್ಯ ಪ್ರೇರಣೆ. ಕೊನೆಯ ಹಿಮಕಾಲವು ಸುಮಾರು 21,000 ವರ್ಷಗಳ ಹಿಂದೆ ಅತಿ ತೀವ್ರವಾಗಿತ್ತು. ಸುಮಾರು 11,700 ವರ್ಷಗಳ ಹಿಂದೆ ಮುಗಿಯಿತು. ನಮ್ಮ ಸೀಮೆಯಲ್ಲಿ ಹಿಮ ಬೀಳಲಿಲ್ಲ. ಇಲ್ಲಿ ಹಿಮಯುಗವು ಬರಗಾಲದ ವೇಷದಲ್ಲಿ ಬಂದಿತು. ಸಮುದ್ರವು 120 ಮೀಟರಿನಷ್ಟು ಕೆಳಗಿಳಿದಿತ್ತು. ಮುಂಗಾರು ದುರ್ಬಲವಾಗಿತ್ತು. ಸಹ್ಯಾದ್ರಿಯ ಮಳೆನೆರಳಿನಲ್ಲಿದ್ದು ಇಂದಿಗೂ ವರ್ಷಕ್ಕೆ 600-750 ಮಿಲಿಮೀಟರ್ ಮಳೆಯಲ್ಲಿ ಬದುಕುವ ನಮ್ಮ ಸೀಮೆಗೆ ಅದೆಂಥ ಕಾಲವಾಗಿದ್ದೀತೆಂದು ರೈತನಿಗೆ ಬಿಡಿಸಿ ಹೇಳಬೇಕಿಲ್ಲ.

ಮತ್ತೊಂದು ಸಂಗತಿಯುಂಟು. ಆಗ ಗಾಳಿಯಲ್ಲಿ ಇಂಗಾಲಾಮ್ಲ ಅನಿಲವು ಹತ್ತು ಲಕ್ಷ ಪಾಲಿಗೆ 180-190 ಪಾಲು ಮಾತ್ರವಿತ್ತು. ಕಾರಖಾನೆಗಳ ಯುಗಕ್ಕೆ ಮೊದಲು ಅದು 280 ಇತ್ತು. ಇಂದು 420ನ್ನು ದಾಟಿದೆ. ಗಿಡಗಳು ಆಹಾರ ತಯಾರಿಸುವುದು ಈ ಅನಿಲದಿಂದಲೇ. ಅದು ಕಡಿಮೆಯಾದರೆ ಮರಗಳಿಗೆ ಉಪವಾಸ. ಆದರೆ ಜೋಳ, ಸಜ್ಜೆ, ಕಬ್ಬು, ಮಡ್ಡಿಯ ಬಹುತೇಕ ಹುಲ್ಲುಗಳು ಬೇರೆ ಜಾಣತನ ಕಲಿತಿವೆ. ಇದ್ದಷ್ಟು ಅನಿಲವನ್ನು ಎಲೆಯೊಳಗೆ ಒಟ್ಟುಗೂಡಿಸಿಕೊಂಡು, ಕಡಿಮೆ ನೀರಿನಲ್ಲಿ, ಸುಡುಬಿಸಿಲಿನಲ್ಲಿ ಅವು ಬೆಳೆಯುತ್ತವೆ. ಆದುದರಿಂದ ಹಿಮಕಾಲವು ಹುಲ್ಲಿಗೆ ಅನುಕೂಲವಾಯಿತು. ಬೆಂಕಿಗೋ ಪ್ರಾಣಿಯ ಬಾಯಿಗೋ ಸಿಕ್ಕ ಮರದ ಸಸಿ ಮತ್ತೆ ಎತ್ತರಕ್ಕೇರುವಷ್ಟರಲ್ಲಿ ಇನ್ನೊಂದು ಬೆಂಕಿ ಬರುತ್ತಿತ್ತು. ಹುಲ್ಲಿನ ಮೊಳಕೆ ಬುಡದಲ್ಲಿ, ನೆಲಕ್ಕೆ ಹತ್ತಿಕೊಂಡಿರುವುದರಿಂದ ಮೇಲಿನದು ಹೋದರೂ ಮೊದಲ ಮಳೆಗೆ ಚಿಗುರುತ್ತಿತ್ತು.

ಆ ಹುಲ್ಲನ್ನು ಮೇಯಲು ಎಂಥ ಪ್ರಾಣಿಗಳಿದ್ದವು! ನಮ್ಮ ನೆರೆಯ ಮಾಂಜರಾ ನದಿಯ ಕಣಿವೆಯಲ್ಲಿ ಆನೆ, ನೀರ್ಗುದುರೆ, ಕಾಡುದನಗಳ ಕಲ್ಲಾದ ಎಲುಬುಗಳು ದೊರೆತಿವೆ. ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿಯ ಹಳ್ಳವೊಂದರಲ್ಲಿ ಸಿಕ್ಕ ಘೇಂಡಾಮೃಗದ ಎಲುಬುಗಳನ್ನು ಭೂಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಅವರು 1874ರಲ್ಲಿ ವರ್ಣಿಸಿ, ದಖ್ಖನದ ಹೆಸರನ್ನೇ ಆ ಪ್ರಾಣಿಗೆ ಇಟ್ಟರು. ಜಳಗಾವ ಜಿಲ್ಲೆಯ ಪಾಟಣೆಯಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪುಗಳು ಸಿಕ್ಕಿವೆ. ಅವು ಸುಮಾರು 25,000 ವರ್ಷಗಳಷ್ಟು ಹಳೆಯವು. ಉಷ್ಟ್ರಪಕ್ಷಿ ದಟ್ಟ ಅಡವಿಯಲ್ಲಿ ಬಾಳುವ ಹಕ್ಕಿಯಲ್ಲ. ಅದಕ್ಕೆ ಬಯಲು ಬೇಕು. ನೀರ್ಗುದುರೆ, ಉಷ್ಟ್ರಪಕ್ಷಿಗಳು ನಮ್ಮ ದೇಶದಿಂದ ಅಳಿದವು. ಕಾಡುದನವೂ ಅಳಿಯಿತು, ಆದರೆ ಅದರ ವಂಶ ಅಳಿಯಲಿಲ್ಲ. ನಮ್ಮ ಸೀಮೆಯ ಹೆಮ್ಮೆಯ ಖಿಲಾರಿ ಎತ್ತು, ದೇಶದ ಉಳಿದ ಡುಬ್ಬದ ದನಗಳಂತೆ, ಆ ಕಾಡುದನದ ಸಂತತಿಯೇ ಆಗಿದೆ.

ಬರ, ಬೆಂಕಿ, ಮೇವು ಈ ಮೂರರ ಗುರುತನ್ನು ಮಡ್ಡಿಯಲ್ಲಿ ಇಂದಿಗೂ ಕಾಣಬಹುದು. ಧೋತರಕ್ಕೆ ಚುಚ್ಚಿಕೊಳ್ಳುವ, ಮರಾಠಿಯವರು ಕುಸಳಿ ಎನ್ನುವ ಹುಲ್ಲನ್ನು ನೋಡಿರಿ. ಅದರ ಬೀಜಕ್ಕೆ ಹೆಣೆದ ಬಾಲವಿದೆ. ತೇವ ತಾಗಿದರೆ ಬಾಲ ತಿರುಗಿ, ಬೀಜವನ್ನು ಬೈರಿಗೆಯಂತೆ ಮಣ್ಣಿನೊಳಗೆ ಇಳಿಸುತ್ತದೆ. ಮೇಲೆ ಬೆಂಕಿ ಹಾದುಹೋದರೂ ಒಳಗಿನ ಬೀಜ ಉಳಿಯುತ್ತದೆ. ಜಾಲಿ, ಬಾರಿಗಳ ಮುಳ್ಳು ಮೇಯುವ ಬಾಯಿಗಳಿಂದ ಪಾರಾಗಲು ಬಂದದ್ದು. ಕಡಿದರೂ ಸುಟ್ಟರೂ ಬಾರಿಕಂಟಿ ಬೇರಿನಿಂದ ಚಿಗುರುವುದನ್ನು ಕುಂಟೆ ಹೊಡೆಯುವ ಪ್ರತಿಯೊಬ್ಬನೂ ಬಲ್ಲ.

ಪ್ರಾಣಿಗಳಲ್ಲಿಯೂ ಹಾಗೆಯೇ. ಚಿಗರಿಯ ಓಟಕ್ಕೆ ಇಂದು ಮಡ್ಡಿಯಲ್ಲಿರುವ ತೋಳ ಸಾಟಿಯಲ್ಲ. ಇಷ್ಟು ವೇಗ ಅದಕ್ಕೇಕೆ? ಒಂದು ಕಾಲಕ್ಕೆ ಅದರ ಬೆನ್ನಟ್ಟಿದ್ದು ಚೀತಾ. 1952ರಲ್ಲಿ ಚೀತಾ ನಮ್ಮ ದೇಶದಿಂದ ಅಳಿದಿತೆಂದು ಸಾರಲಾಯಿತು. 2022ರಲ್ಲಿ ಆಫ್ರಿಕೆಯಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ಬೆನ್ನಟ್ಟುವವ ಹೋದರೂ ಓಡುವವನ ಕಾಲಿನಲ್ಲಿ ನೆನಪು ಉಳಿದಿದೆ. ಇನ್ನು ನಮ್ಮ ಎರೆಭೂತ, ಅಂದರೆ ಮರಾಠಿಯ ಮಾಳಢೋಕ. ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಅದಕ್ಕೆ ಹುಲ್ಲುಗಾವಲೇ ಮನೆ. ಅದಕ್ಕಾಗಿ 1979ರಲ್ಲಿ ಸೊಲ್ಲಾಪುರದ ನಾನ್ನಜದಲ್ಲಿ ಅಭಯಾರಣ್ಯ ಮಾಡಿದರು. ಇಂದು ಅಲ್ಲಿ ಒಂದೆರಡು ಕಂಡರೆ ಭಾಗ್ಯ. ದೇಶದಲ್ಲೆಲ್ಲ ಸೇರಿ 200ಕ್ಕೂ ಕಡಿಮೆ ಉಳಿದಿವೆ, ಹೆಚ್ಚಿನವು ರಾಜಸ್ಥಾನದಲ್ಲಿ.

“ಹಿಮಕಾಲ ಮುಗಿದ ಮೇಲೆ ಮಳೆ ಹೆಚ್ಚಿತಲ್ಲ, ಆಗ ಅಡವಿ ಬೆಳೆದಿರಬೇಕು” ಎಂದು ಕೆಲವರು ಕೇಳಬಹುದು. ಮಳೆ ಹೆಚ್ಚಿದ್ದು ನಿಜ, ಮರಗಳೂ ಹೆಚ್ಚಿರಬಹುದು. ಆದರೆ ಆ ಸುಖ ನಿಲ್ಲಲಿಲ್ಲ. ಬುಲಢಾಣಾ ಜಿಲ್ಲೆಯ ಲೋಣಾರ ಸರೋವರದ ತಳದ ಕೆಸರನ್ನು ಪದರು ಪದರಾಗಿ ತೆಗೆದು ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು 4,600ರಿಂದ 3,900 ವರ್ಷಗಳ ಹಿಂದೆ ದೀರ್ಘವಾದ ಒಣಕಾಲ ಬಂದಿತ್ತೆಂದು 2014ರಲ್ಲಿ ತಿಳಿಸಿದರು. 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 13ನೆಯ ಶತಮಾನದಿಂದೀಚಿನ ಮರಾಠಿ ಸಾಹಿತ್ಯವನ್ನು ಶೋಧಿಸಿದರು. ಅದರಲ್ಲಿ ಹೆಸರಿಸಿದ ಕಾಡುಗಿಡಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಬಯಲುನಾಡಿನ ಗಿಡಗಳೇ ಆಗಿದ್ದವು. ನಮ್ಮ ಹಿರಿಯರು ಮರ ಕಡಿಯಲೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕೊಡಲಿ ಬರುವ ಮೊದಲೇ ಇಲ್ಲಿ ಹುಲ್ಲು ಇತ್ತು.

ಇದರಿಂದ ರೈತನಿಗೇನು ಪ್ರಯೋಜನ? ಈ ವರ್ಷವೂ ನಮ್ಮ ಊರ ಸಭೆಯಲ್ಲಿ ಉಳಿದ ಗಾಯರಾಣಕ್ಕೆ ತಗ್ಗು ತೋಡುವ ಮಾತು ಎದ್ದಿದೆ. ಬೇರೆ ಊರುಗಳಲ್ಲಿಯೂ ಎದ್ದೀತು. ಆಗ ಈ ಕೆಲವು ಮಾತುಗಳನ್ನು ನೆನೆಯಬೇಕೆಂದು ನಮ್ಮ ಬಿನ್ನಹ.

ಮೊದಲನೆಯದು: ಮರ ಬೇಕು, ಆದರೆ ತಕ್ಕ ಸ್ಥಳದಲ್ಲಿ. ಬದುವಿನ ಮೇಲೆ, ಬಾವಿಯ ಬಳಿ, ಹಳ್ಳದ ದಂಡೆಗೆ, ಶಾಲೆಯ ಅಂಗಳದಲ್ಲಿ ಬೇವು, ಬನ್ನಿ, ಜಾಲಿ ಬೆಳೆಸಿರಿ. ಮಡ್ಡಿಯ ನಡುವೆ ಸಾಲು ನೆಡುವುದು ಬೇಡ.

ಎರಡನೆಯದು: ಹುಲ್ಲನ್ನು ಉಳಿಸುವುದೆಂದರೆ ಹೇಗಾದರೂ ಮೇಯಿಸುವುದಲ್ಲ. ಹಳೆಯ ಆನೆ, ಕಾಡುದನಗಳು ಮೇಯ್ದು ಮುಂದೆ ಹೋಗುತ್ತಿದ್ದವು. ನಮ್ಮ ದನ ಅಲ್ಲಿಯೇ ನಿಲ್ಲುತ್ತವೆ. ಗಾಯರಾಣವನ್ನು ಮೂರು ಭಾಗ ಮಾಡಿ, ವರ್ಷಕ್ಕೊಂದು ಭಾಗಕ್ಕೆ ಮಳೆಗಾಲದಲ್ಲಿ ಚರಾಯಿ ನಿಲ್ಲಿಸಿರಿ. ಬೀಜ ಉದುರಿದ ಮೇಲೆ ಕೊಯ್ದು ಬಣವೆ ಒಟ್ಟಿರಿ. ಪ್ರತಿವರ್ಷ ಬೆಂಕಿ ಹಚ್ಚುವುದೂ ಹಿತವಲ್ಲ.

ಮೂರನೆಯದು: ಬಳ್ಳಾರಿ ಜಾಲಿಯನ್ನು ಚಿಕ್ಕದಿರುವಾಗಲೇ ಬೇರುಸಹಿತ ಕೀಳಿರಿ. ಗಾಳಿಯಲ್ಲಿ ಇಂಗಾಲಾಮ್ಲ ಹೆಚ್ಚಿದಷ್ಟೂ ಕಂಟಿಗಳಿಗೆ ಬಲ ಬರುತ್ತದೆ. ಹಿಮಕಾಲದಲ್ಲಿ ಹುಲ್ಲಿಗಿದ್ದ ಅನುಕೂಲ ಈಗ ತಿರುಗಿದೆ. ತಾನಾಗಿಯೇ ಉಳಿದು ಬಂದ ಹುಲ್ಲಿಗೆ ಈಗ ನಮ್ಮ ಕೈ ಬೇಕಾಗಿದೆ.

ನಾವು ನೆಟ್ಟ ಗ್ಲಿರಿಸಿಡಿಯದಲ್ಲಿ ಉಳಿದವುಗಳನ್ನು ಈಗ ಕಡಿದು ಹೊಲಕ್ಕೆ ಹಸಿರುಗೊಬ್ಬರ ಮಾಡುತ್ತಿದ್ದೇವೆ. ಆ ಕೆಲಸಕ್ಕೆ ಅದು ಒಳ್ಳೆಯದೇ. ಆ ಜಾಗದಲ್ಲಿ ಕುಸಳಿ ಮತ್ತೆ ತಲೆಯೆತ್ತಿದೆ. ಮಕ್ಕಳನ್ನು ಮತ್ತೊಮ್ಮೆ ಅಲ್ಲಿಗೆ ಕರೆದೊಯ್ದು, ಬೀಜವನ್ನು ಅಂಗೈ ಮೇಲಿಟ್ಟು ಒಂದು ಹನಿ ನೀರು ಹಾಕಿ ತೋರಿಸಿದೆವು. ಬಾಲ ತಿರುಗತೊಡಗಿದಾಗ ಅವರು ಕೂಗಿದ ಕೂಗು ನಮ್ಮ ಹಿಂದಿನ ಪಾಠಕ್ಕೆ ತಿದ್ದುಪಡಿಯಾಯಿತು.